ನಿಮ್ಮ ಲೇಖನದಲ್ಲಿ ಜುಲೀನಾ ಎಲ್ಲಿ?

ನಮಸ್ಕಾರ.

ಅಮೆರಿಕದ ಲೇಖಕಿ ನೆಲ್ಲಾ ಲಾರ್ಸೆನ್ ಅವರ 'ಪಾಸಿಂಗ್' (1929; ಪಾಸಿಂಗ್ ಅಂದರೆ ಕಪ್ಪು ಜನಾಂಗದವರು ಬಿಳಿಯರ ಹಾಗೆ ತೋರಿಸಿಕೊಂಡು ಬದುಕುವುದು) ಕಾದಂಬರಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಬಿಳಿಯರು ಕೆಟ್ಟವರು, ಕಪ್ಪು ಜನ ಪಾಪದವರು ಅನ್ನುವುದು ಬಿಟ್ಟರೆ ಇಡೀ ಲೇಖನದಲ್ಲಿ ಬೇರೆ ಮಾತೇ ಇಲ್ಲ. ಅಷ್ಟನ್ನೇ ಹೇಳುವುದಿದ್ದರೆ ಲಾರ್ಸೆನ್ ಕಾದಂಬರಿ ಬರೆಯಬೇಕಿತ್ತಾ?

ಷಿಕಾಗೋದಲ್ಲಿ ಟೀ ಕುಡಿಯುವ ಭಾಗವನ್ನೇ ನೋಡಿ. ಐರೀನ್, ಕ್ಲೇರ್, ಗರ್ಟ್ರೂಡ್, ಮೂವರೂ ಕಪ್ಪು ಜನಾಂಗದವರು, ಆದರೆ ನೋಡಿದವರು ಬಿಳಿಯರು ಅಂದುಕೊಳ್ಳುವಷ್ಟು ಬೆಳ್ಳಗಿದ್ದಾರೆ. ಕ್ಲೇರಳ ಬಿಳಿಯ ಗಂಡ ಬೆಲ್ಯೂ ಒಳಗೆ ಬಂದು, ಹೆಂಡತಿಯ ಗುಟ್ಟು ಗೊತ್ತಿಲ್ಲದೆ, ಕಪ್ಪು ಜನರನ್ನು ಬಾಯಿಗೆ ಬಂದ ಹಾಗೆ ಬೈಯುವಲ್ಲಿಂದ ನೀವು ಶುರು ಮಾಡಿದ್ದೀರಿ. ಸ್ವಲ್ಪ ಹಿಂದಕ್ಕೆ ಹೋಗಿ. ಅವನಿನ್ನೂ ಬಂದಿಲ್ಲ, ಕೋಣೆಯಲ್ಲಿ ಬಿಳಿಯರು ಯಾರೂ ಇಲ್ಲ. ಆಗ ಕ್ಲೇರ್ ಹೇಳುತ್ತಾಳೆ, ಮಗು ಎಲ್ಲಿ ಕಪ್ಪಗೆ ಹುಟ್ಟುತ್ತೋ ಅಂತ ಒಂಬತ್ತು ತಿಂಗಳೂ ಹೆದರಿ ಸತ್ತೆ ಅಂತ. ಕಪ್ಪು ಮಗು ಯಾರಿಗೂ ಬೇಡ ಅಂತ ಗರ್ಟ್ರೂಡ್ ದನಿಗೂಡಿಸುತ್ತಾಳೆ. ನನ್ನ ಒಬ್ಬ ಮಗ ಕಪ್ಪಗಿದ್ದಾನೆ ಅಂತ ಐರೀನ್ ಹೇಳಿದ ಕೂಡಲೇ ಗರ್ಟ್ರೂಡ್ ತಡವರಿಸಿಕೊಂಡು, ಹಾಗಾದರೆ ನಿನ್ನ ಗಂಡನೂ ಸ್ವಲ್ಪ ಕಪ್ಪಾ, ಅಂತ ಕೇಳುತ್ತಾಳೆ. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಹಾಗಂತ ಐರೀನಳನ್ನು ದೇವತೆ ಮಾಡಬೇಡಿ (ಮಾಡಿದ್ದೀರಿ, ಎರಡು ಕಡೆ). ಅವಳು ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಡಾಕ್ಟರ್ ಹೆಂಡತಿ, ಸಮಾಜಸೇವೆ ಅಂತ ಓಡಾಡುವವಳು. ಸೆಕೆ ತಡೆಯಲಾರದೆ ಬಿಳಿಯರ ಹೋಟೆಲಿನಲ್ಲಿ ಬಿಳಿಯಳ ಹಾಗೆ ಟೀ ಕುಡಿದವಳೂ ಇವಳೇ. ಮನೆಯಲ್ಲಿ ತಿಂಡಿಗೆ ಹಣ್ಣು ತಂದಿಡುವ ಕೆಲಸದವಳು ಜುಲೀನಾ ಮಾತ್ರ ಇವಳ ಕಣ್ಣಿಗೆ ಮಹಾಗನಿ ಬಣ್ಣದ ಒಂದು ಪುಟ್ಟ ಜೀವ, ಅಷ್ಟೇ. ಲಾರ್ಸೆನ್ ಇದರ ಮೇಲೆ ಟೀಕೆ ಮಾಡುವುದಿಲ್ಲ, ಸುಮ್ಮನೆ ಕಾಣಿಸಿ ಮುಂದೆ ಹೋಗುತ್ತಾರೆ. ನಿಮ್ಮ ಲೇಖನದಲ್ಲಿ ಜುಲೀನಾಳ ಹೆಸರೇ ಇಲ್ಲ! ಕ್ಲೇರಳ ಅಪ್ಪ ಕಟ್ಟಡದ ಜವಾನನಾಗಿದ್ದ, ಕುಡುಕ ಅನ್ನುವುದೂ ಇಲ್ಲ. ಅವಳು ಬಿಳಿಯರ ಕಡೆ ದಾಟಿದ್ದು ಬಣ್ಣಕ್ಕಿಂತ ಜಾಸ್ತಿ ಬಡತನ ತಪ್ಪಿಸಿಕೊಳ್ಳಲು ಅಂತ ನನಗನ್ನಿಸುತ್ತದೆ. ನೀವು ಒಪ್ಪದಿದ್ದರೆ ವಾದ ಮಾಡಿ, ಆದರೆ ಆ ಅಪ್ಪನನ್ನು ಬಿಟ್ಟು ಮಾಡಬೇಡಿ.

ವಾಲೇಸ್ ಥರ್ಮನ್ ಅವರ 'ದ ಬ್ಲ್ಯಾಕರ್ ದ ಬೆರಿ' ಕಾದಂಬರಿಯ ನಾಯಕಿ ಎಮ್ಮಾ ಲೂಗೆ ಒಂದೇ ಸಾಲು ಕೊಟ್ಟಿದ್ದೀರಿ. ಅದೂ 1929ರ ಕಾದಂಬರಿಯೇ. ತೀರಾ ಕಪ್ಪಗಿರುವ, ಓದಿದ ಹುಡುಗಿ ಅವಳು. ಹಾರ್ಲೆಮ್‌ನಲ್ಲಿ ಕಪ್ಪು ಜನರೇ ನಡೆಸುವ ಆಫೀಸಿನಲ್ಲಿ ಅವಳಿಗೆ ಕೆಲಸ ಸಿಗುವುದಿಲ್ಲ, ಅವರಿಗೆ ಬೇಕಾದದ್ದು ಬೆಳ್ಳಗಿನ ಹುಡುಗಿ. ಕ್ಲೇರಳ ಪಕ್ಕದಲ್ಲಿ ಇವಳನ್ನು ಸರಿಯಾಗಿ ಕೂರಿಸಿ, ಇಲ್ಲದಿದ್ದರೆ ಆ ಸಾಲು ತೆಗೆದುಬಿಡಿ.

ಕೊನೆಗೆ ನಮ್ಮ 'ಬೆಳ್ಳಗಿನ ವಧು ಬೇಕು' ಜಾಹೀರಾತು ತಂದಿದ್ದೀರಲ್ಲ, ಅದು ಬೇಡ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಕಾನೂನೇ ಇತ್ತು. ವರ್ಜೀನಿಯಾದ 1924ರ ಕಾಯ್ದೆ ಪ್ರಕಾರ ಕಪ್ಪು ರಕ್ತ ಒಂದು ಹನಿ ಇದ್ದರೂ ಬಿಳಿಯರಲ್ಲ, ಬಿಳಿಯರನ್ನು ಮದುವೆಯಾಗುವಂತಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಎರಡೂ ತೆಳುವಾಗುತ್ತವೆ. ಆ ಪ್ಯಾರಾದ ಜಾಗವನ್ನು ಜುಲೀನಾಗೆ ಕೊಟ್ಟು ಮತ್ತೆ ಕಳಿಸಿ, ಓದುತ್ತೇನೆ.