ಹಾಲು ಕುಡಿದ ಮನೆ ಯಾವುದು?

ಧಾರವಾಡದ ಸಪ್ತಾಪುರದಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ನಾಯಿ ಇದೆ. ಬೆಕ್ಕು ಒಂದು ತಾನಾಗಿ ಬಂದು ಸೇರಿಕೊಂಡಿದೆ. ಸಾಕಿದ ಪ್ರಾಣಿಗಳ ಹೆಸರನ್ನು ಪಾಲಿಕೆಯಲ್ಲಿ ಬರೆಸಬೇಕು ಅಂತ ಮಾತು ಕೇಳಿದೆ. ಮನೆ ಪಟ್ಟಿ, ನೀರಿನ ಪಟ್ಟಿ ಆಯಿತು, ಇನ್ನು ನಾಯಿ ಪಟ್ಟಿನೂ ಕಟ್ಟಬೇಕಾ? ಮೊದಲು ಬೀದಿ ನಾಯಿಗಳನ್ನು ನೋಡಲಿ. ಅಷ್ಟಕ್ಕೂ, ಹೇಳಿದ ಮಾತು ಕೇಳದ ಬೆಕ್ಕನ್ನು ಆಸ್ಪತ್ರೆಗೆ ಒಯ್ಯುವುದಾದರೂ ಹೇಗೆ?"

ಅಕ್ಕಾರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ನಾನು ನೋಂದಣಿ ಪರವಾಗಿಯೇ ಬರೆಯುತ್ತೇನೆ. ಯಾಕೆ ಅಂತ ಹೇಳಲು ನಮ್ಮ ಮನೆಯಲ್ಲೇ ಆದದ್ದನ್ನು ಹೇಳಬೇಕು.

ಕೆಲವು ವರ್ಷದ ಹಿಂದೆ ನಾವು ಮಾಳಮಡ್ಡಿಯಲ್ಲಿದ್ದೆವು. ಓಣಿಯಲ್ಲಿ ಒಂದು ಕಂದು ಬೆಕ್ಕು ಇತ್ತು. ಒಂದು ಮನೆಯಲ್ಲಿ ಅದರ ಹೆಸರು ಪುಟ್ಟಿ, ಇನ್ನೊಂದರಲ್ಲಿ ರಾಣಿ. ನಾಲ್ಕು ಮನೆಯಲ್ಲಿ ಹಾಲು ಕುಡಿಯುತ್ತಿತ್ತು. ಒಂದು ಸಂಜೆ ನನ್ನ ಮಗಳು ಅದನ್ನು ಎತ್ತಿಕೊಳ್ಳಲು ಹೋದಳು. ಅಂಗೈಗೆ ಕಚ್ಚಿತು. ಎರಡು ಸಣ್ಣ ತೂತು, ರಕ್ತ ಅಷ್ಟೇನೂ ಇಲ್ಲ. ನಮ್ಮ ಅಮ್ಮ ಅರಿಶಿನ ಹಿಡಿದು ಓಡಿ ಬಂದರು. ನನ್ನ ಹೆಂಡತಿ ಬೇಡ ಅಂದು, ಕೈಯನ್ನು ನಲ್ಲಿ ಕೆಳಗೆ ಹಿಡಿದು, ಬಟ್ಟೆ ಸೋಪಿನಿಂದಲೇ 15 ನಿಮಿಷ ತೊಳೆದಳು. ಮಗು ಅಳುತ್ತಲೇ ಇತ್ತು. ಅವಳು ಗಡಿಯಾರ ನೋಡುತ್ತಾ ತೊಳೆಯುತ್ತಲೇ ಇದ್ದಳು. ಕಚ್ಚಿದ ಜಾಗಕ್ಕೆ ಮೊದಲು ಮಾಡಬೇಕಾದ್ದು ಅದೇ. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬಾರದು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಎರಡೇ ಮಾತು. ಯಾರ ಬೆಕ್ಕು? ಲಸಿಕೆ ಆಗಿದೆಯಾ?

ರಾತ್ರಿ ನಾನು ನಾಲ್ಕೂ ಮನೆ ಬಾಗಿಲಿಗೆ ಹೋದೆ. "ನಮ್ದಲ್ರೀ ಅದು, ಸುಮ್ನ ಬಂದು ಹೋಗ್ತದ." ಎಲ್ಲರದೂ ಅದೇ ಮಾತು. ಅವರು ಕೆಟ್ಟವರಲ್ಲ, ಹೆದರಿದ್ದರು. ಆದರೆ ಬೆಳಗಿನ ತನಕ ಪುಟ್ಟಿ, ರಾಣಿ ಆಗಿದ್ದ ಬೆಕ್ಕು ಆ ರಾತ್ರಿ ಯಾರದೂ ಅಲ್ಲದ ಬೆಕ್ಕಾಯಿತು. ಮರುದಿನದಿಂದ ಅದು ಓಣಿಯಲ್ಲಿ ಕಾಣಲೇ ಇಲ್ಲ. ಕಚ್ಚಿದ ನಾಯಿ, ಬೆಕ್ಕನ್ನು 10 ದಿನ ಕಣ್ಣಿಟ್ಟು ನೋಡಬೇಕು. ಅಷ್ಟು ದಿನ ಅದು ಚೆನ್ನಾಗಿದ್ದರೆ ರೇಬೀಸ್ ಭಯ ಇಲ್ಲ. ಆ ಸಮಾಧಾನ ನಮಗೆ ಸಿಗಲಿಲ್ಲ. ಮಗಳಿಗೆ ಮೊದಲ ದಿನ, ಆಮೇಲೆ 3, 7, 28ನೇ ದಿನ ಚುಚ್ಚುಮದ್ದು ಕೊಡಿಸಿದೆವು. ಅದು ಹೇಗೂ ಕೊಡಿಸಲೇಬೇಕಿತ್ತು. ಆದರೆ ನಡುವಿನ ಆ ದಿನಗಳಲ್ಲಿ ಮಗುವಿಗೆ ಸ್ವಲ್ಪ ಮೈ ಬಿಸಿಯಾದರೂ ನಮ್ಮ ಎದೆ ನಡುಗುತ್ತಿತ್ತು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು.

ಹಾಗಾಗಿ ನೋಂದಣಿ ಅಂದಾಗ ನನಗೆ ಕಾಣುವುದು ಆ ಎರಡು ಪ್ರಶ್ನೆಗೆ ಉತ್ತರ. ಈ ಪ್ರಾಣಿ ಯಾರದು, ಲಸಿಕೆ ಯಾವತ್ತು ಆಗಿದೆ. ಲಸಿಕೆ ಕಾರ್ಡ್ ಇಲ್ಲದೆ ಹೆಸರು ಬರೆದುಕೊಳ್ಳಬಾರದು, ವರ್ಷ ವರ್ಷ ಹೊಸ ಲಸಿಕೆ ತೋರಿಸದೆ ನವೀಕರಣ ಮಾಡಬಾರದು. ಇಷ್ಟಿದ್ದರೆ ಅದಕ್ಕೆ ಬೆಲೆ. ಬರೀ ದುಡ್ಡು ತೆಗೆದುಕೊಂಡು ರಸೀದಿ ಹರಿದು ಕೊಡುವುದಾದರೆ ನಿಮ್ಮ ಜೊತೆ ನಾನೂ ಬೇಡ ಅನ್ನುತ್ತೇನೆ.

ಇದು ಹೊಸ ಮಾತೂ ಅಲ್ಲ. ನಾಯಿಗಳ ನೋಂದಣಿ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲೇ ಇದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ನಾಯಿ, ಬೆಕ್ಕು ಎರಡಕ್ಕೂ ಚರ್ಮದ ಕೆಳಗೆ ಗುರುತಿನ ಚಿಪ್ ಹಾಕಿಸಿ ನೋಂದಾಯಿಸಬೇಕು. ಮರಿ ಆಗದಂತೆ ಆಪರೇಷನ್ ಮಾಡಿಸಿದ ನಾಯಿಗೆ ಅಲ್ಲಿ ಶುಲ್ಕ ಕಡಿಮೆ. ಇದನ್ನು ನಮ್ಮ ಪಾಲಿಕೆಯೂ ಮಾಡಲಿ ಅಂತ ನನ್ನ ಆಸೆ. ಅಂದ ಹಾಗೆ, ಚಿಪ್ ಇದ್ದರೆ ನಾಯಿ ಎಲ್ಲಿದೆ ಅಂತ ಮೊಬೈಲಿನಲ್ಲಿ ಕಾಣುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಅದು ಅಕ್ಕಿ ಕಾಳಿನಷ್ಟು ಇರುತ್ತದೆ, ಅದರಲ್ಲಿ ಬ್ಯಾಟರಿಯೇ ಇಲ್ಲ. ಯಂತ್ರ ಹಿಡಿದರೆ 15 ಅಂಕಿಯ ಒಂದು ನಂಬರ್ ತೋರಿಸುತ್ತದೆ, ಅಷ್ಟೇ. ಆ ನಂಬರಿನ ಎದುರು ನಿಮ್ಮ ಹೆಸರು, ಫೋನ್ ನಂಬರ್ ಬರೆದಿದ್ದರೆ ಮಾತ್ರ ಪ್ರಯೋಜನ.

ಬೀದಿ ನಾಯಿ ವಿಷಯಕ್ಕೆ ಬರೋಣ. ಹಿಡಿದು, ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕುವುದು ಪಾಲಿಕೆಯ ಕೆಲಸ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಲ್ಲಿ ಅದು ಇದೆ, ಅದರಲ್ಲಿ ಪಾಲಿಕೆಗೆ ವಿನಾಯಿತಿ ಬೇಡ. ಅದೇ ನಿಯಮ ಸಾಕಿದವರಿಗೂ ಹೇಳುತ್ತದೆ: ಜಂತಿನ ಔಷಧಿ, ಲಸಿಕೆ, ಆಪರೇಷನ್ ನಿಮ್ಮ ಹೊಣೆ ಅಂತ. ರಟ್ಟಿನ ಡಬ್ಬಿಯಲ್ಲಿ ಮರಿಗಳನ್ನು ತಂದು ಸಂತೆ ಬಯಲಲ್ಲಿ ಇಟ್ಟು ಹೋಗುವವರನ್ನು ನೀವೂ ನೋಡಿರುತ್ತೀರಿ. ಆ ಮರಿಗಳ ತಾಯಿ ಯಾರದೋ ಮನೆಯದು. ಬೀದಿ ನಾಯಿ, ಮನೆ ನಾಯಿ ಎರಡು ಬೇರೆ ಲೆಕ್ಕ ಅಲ್ಲ, ಅಲ್ವಾ?

ಪಾಲಿಕೆಯವರಿಗೆ ನನ್ನ ಕೇಳಿಕೆ ಒಂದೇ. ಇದನ್ನು ಕಚೇರಿ ಕಿಟಕಿಗೆ ಬಿಡಬೇಡಿ. ವಯಸ್ಸಾದವರು ನಾಯಿ ಹಿಡಿದು ಸಾಲಿನಲ್ಲಿ ನಿಲ್ಲಲಾರರು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ವಾರ ವಾರ್ಡಿಗೊಂದು ಶಿಬಿರ ಮಾಡಿ. ಒಂದೇ ಮೇಜಿನ ಮೇಲೆ ಲಸಿಕೆ, ಪಕ್ಕದಲ್ಲೇ ನೋಂದಣಿ ಪುಸ್ತಕ. ಮೊದಲ ವರ್ಷ ಶುಲ್ಕ ಬೇಡ.

ಅಕ್ಕಾರೇ, ನಿಮ್ಮ ನಾಯಿಯ ಕಾರ್ಡ್ ತೆಗೆದು ಕೊನೆಯ ಲಸಿಕೆ ತಾರೀಕು ನೋಡಿ. ವರ್ಷ ದಾಟಿದ್ದರೆ ಈ ವಾರವೇ ಪಶು ಆಸ್ಪತ್ರೆಗೆ ಹೋಗಿ. ಬೆಕ್ಕಿಗೂ ಒಂದು ಕಾರ್ಡ್ ಮಾಡಿಸಿ, ಮಾಲೀಕರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರೇ ಬರೆಸಿ. ಒಯ್ಯುವ ದಾರಿ ಇದು: ಮುಚ್ಚಳ ಇರುವ ಬುಟ್ಟಿಯಲ್ಲಿ ಅದು ದಿನಾ ಮಲಗುವ ಬಟ್ಟೆ ಹಾಸಿ, ಎರಡು ದಿನ ಮೊದಲೇ ಮನೆಯಲ್ಲಿ ತೆರೆದಿಡಿ. ತಾನಾಗಿ ಒಳಗೆ ಹೋಗಿ ಮಲಗುತ್ತದೆ. ಆಗ ಮುಚ್ಚಿ ಆಟೋ ಹತ್ತಿ.