‘ದೊಂಬರಾಟ’ ಅಂದದ್ದರಲ್ಲಿ ತಪ್ಪೇನು?

ಪ್ರಶ್ನೆ: ನಮ್ಮ ಭಾಗದ ಒಬ್ಬ ಮುಖಂಡರಿಗೆ ನಾನು ಭಾಷಣ ಬರೆದುಕೊಡುತ್ತೇನೆ. ಎದುರಾಳಿ ಮೂರು ಸಲ ಪಕ್ಷ ಬದಲಿಸಿದ್ದನ್ನು ‘ದೊಂಬರಾಟ’ ಎಂದು ಬರೆದಿದ್ದೆ. ಜೋರು ಚಪ್ಪಾಳೆ ಬಿತ್ತು. ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಡುತ್ತಿದ್ದ ಹುಡುಗನೊಬ್ಬ ಹತ್ತಿರ ಬಂದು, ‘ಅಣ್ಣ, ನಮ್ಮಜ್ಜ ಹಗ್ಗದ ಮೇಲೆ ಆಡ್ತಿದ್ದ. ಅವನೇನು ಯಾರಿಗೂ ಮೋಸ ಮಾಡಿರಲಿಲ್ಲ’ ಅಂದು ಹೋದ. ನನಗೆ ಯಾವ ಜಾತಿಯ ಮೇಲೂ ದ್ವೇಷವಿಲ್ಲ. ಪದ ನಿಘಂಟಿನಲ್ಲಿದೆ, ಪೇಪರಿನಲ್ಲೂ ಬರುತ್ತದೆ. ಉದ್ದೇಶವೇ ಇಲ್ಲದಿದ್ದರೂ ತಪ್ಪಾಗುತ್ತದೆಯೇ? ಕೇಸ್ ಆಗುತ್ತದೆಯೇ? ಈಗ ಏನು ಮಾಡಲಿ?
– ಹೆಸರು ಬೇಡ ಎಂದಿರುವ ಓದುಗ, ಚಳ್ಳಕೆರೆ ತಾಲ್ಲೂಕು

ಉತ್ತರ: ಹುಡುಗ ಆಡಿದ ಮಾತನ್ನು ಹಾಗೇ ಬರೆದು ಕಳಿಸಿದ್ದೀರಿ. ಅದಕ್ಕೇ ಸುತ್ತಿ ಬಳಸದೆ ಹೇಳುತ್ತೇನೆ: ಹೌದು, ತಪ್ಪು. ನಿಮ್ಮ ಮನಸ್ಸಿನಲ್ಲಿ ದ್ವೇಷ ಇರಲಿಲ್ಲ ಎಂಬುದನ್ನು ಪೂರ್ತಿ ನಂಬುತ್ತೇನೆ. ಆದರೂ ಆ ಚಪ್ಪಾಳೆ ಎಲ್ಲಿಂದ ಬಂತು ಎಂದು ಒಮ್ಮೆ ಯೋಚಿಸಿ.

ನಾಯಕನಹಟ್ಟಿ ಜಾತ್ರೆಯಲ್ಲಿ ನಾನು ಚಿಕ್ಕವನಿದ್ದಾಗ ಈ ಆಟ ನೋಡಿದ್ದೇನೆ. ಎರಡು ಕಡೆ ಬಿದಿರಿನ ಕತ್ತರಿಗಾಲು, ನಡುವೆ ಬಿಗಿದ ಹಗ್ಗ. ಕೆಳಗೆ ಅಪ್ಪ ಡೋಲು ಬಾರಿಸುತ್ತಿದ್ದಾನೆ. ಮೇಲೆ ಎಂಟೊಂಬತ್ತು ವರ್ಷದ ಹುಡುಗಿ, ಕೈಯಲ್ಲಿ ಗಳ, ತಲೆಯ ಮೇಲೆ ಚೊಂಬು. ಒಂದು ಗೇಣು ತಪ್ಪಿದರೆ ಮೂಳೆ ಮುರಿಯುತ್ತದೆ. ಎಲ್ಲರ ಕಣ್ಣೆದುರು, ನಡುಬಯಲಿನಲ್ಲಿ ನಡೆಯುವ ಈ ವಿದ್ಯೆಯಲ್ಲಿ ಮೋಸಕ್ಕೆ ಜಾಗವೇ ಇಲ್ಲ. ಹಾಗಿದ್ದರೆ ಅದು ಮೋಸಕ್ಕೆ, ನಿಷ್ಠೆಗೇಡಿತನಕ್ಕೆ ಹೆಸರಾದದ್ದು ಹೇಗೆ?

ಇದರ ಪಕ್ಕಕ್ಕೆ ನಮ್ಮ ಇನ್ನೊಂದು ಮಾತನ್ನಿಡಿ. ‘ಇಂಥವರ ಗರಡಿಯಲ್ಲಿ ಪಳಗಿದ ನಾಯಕ’ ಎನ್ನುತ್ತೇವೆ. ದಾವಣಗೆರೆಯಲ್ಲಾಗಲಿ ದುರ್ಗದಲ್ಲಾಗಲಿ ಅದು ಹೊಗಳಿಕೆ. ಕುಸ್ತಿಯೂ ಮೈಯನ್ನು ಪಳಗಿಸುವ ವಿದ್ಯೆ, ಅದರಲ್ಲೂ ಪಟ್ಟು, ಮರುಪಟ್ಟು, ಎದುರಿನವನನ್ನು ಯಾಮಾರಿಸುವ ಚಳಕ ಇದೆ. ನಿಜವಾಗಿ ನೋಡಿದರೆ ಯಾಮಾರಿಸುವುದು ಕುಸ್ತಿಯಲ್ಲೇ ಹೆಚ್ಚು. ಆದರೂ ಗರಡಿ ಮರ್ಯಾದೆಯ ಮಾತಾಯಿತು, ದೊಂಬರಾಟ ಬೈಗುಳವಾಯಿತು. ಗರಡಿಮನೆ ಊರೊಳಗಿತ್ತು, ದೊಂಬರ ಗುಡಾರ ಊರಾಚೆ ಇತ್ತು. ವ್ಯತ್ಯಾಸ ಆಟದಲ್ಲಿಲ್ಲ, ಆಡುವವರು ಯಾರೆಂಬುದರಲ್ಲಿದೆ. ನಿಮ್ಮ ಸಾಲಿಗೆ ಚಪ್ಪಾಳೆ ಬೀಳಬೇಕಾದರೆ ಕೇಳುವವರ ಎದೆಯಲ್ಲಿ ಆ ಜನದ ಬಗ್ಗೆ ಸ್ವಲ್ಪ ತಾತ್ಸಾರ ಮೊದಲೇ ಇರಬೇಕು. ನೀವು ಅದನ್ನು ಹುಟ್ಟಿಸಲಿಲ್ಲ, ಬಳಸಿಕೊಂಡಿರಿ.

ಈ ಒಂದು ಪದವೇ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ರಾಜಕಾರಣಿಯ ಸೋಗಿಗೆ ‘ಹಗಲುವೇಷ’, ಹುಸಿ ಭವಿಷ್ಯಕ್ಕೆ ‘ಬುಡುಬುಡಿಕೆ’, ಹೇಳಿದ್ದಕ್ಕೆಲ್ಲ ತಲೆಯಾಡಿಸುವವನಿಗೆ ‘ಕೋಲೆ ಬಸವ’. ನಮ್ಮ ರಾಜಕೀಯ ಭಾಷಣದ ಖಾರವೆಲ್ಲ ಅಲೆಮಾರಿಗಳ ಹೊಟ್ಟೆಪಾಡಿನಿಂದಲೇ ಬಂದಿದೆ! ಕೋಲೆ ಬಸವನ ಮಾತು ಎತ್ತಿನ ಮೇಲೆ ನಿಲ್ಲುತ್ತದೆ, ಅದು ಅಷ್ಟು ಚುಚ್ಚಲಾರದು. ಆದರೆ ದೊಂಬರು ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯ 101 ಜಾತಿಗಳಲ್ಲಿ ಒಬ್ಬರು. ವೇದಿಕೆ ಹತ್ತಿ ಮರುಮಾತು ಹೇಳುವ ಬಲ ಅವರಿಗಿಲ್ಲ.

ಅಲೆದು ಬದುಕುವವರೆಂದರೆ ಅನುಮಾನ ಎಂಬುದು ಬರೀ ಬಾಯಿಮಾತಾಗಿಯೂ ಉಳಿದಿರಲಿಲ್ಲ. 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡಲು ದಾರಿ ಮಾಡಿತು. ನಮ್ಮ ಕಡೆಯ ಕೊರಚರೂ ಆ ಏಟು ತಿಂದವರೇ. ಸ್ವತಂತ್ರ ಭಾರತ 1952ರಲ್ಲಿ ಅದನ್ನು ರದ್ದು ಮಾಡಿದರೂ ಭಾಷೆಯಿಂದ ಅದು ತೊಲಗಲಿಲ್ಲ. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಲೆಮಾರಿ ಬುಡಕಟ್ಟುಗಳನ್ನು ಸಂಶಯಿಸುವ ಸಾಲುಗಳು ಹಾಗೇ ಉಳಿದಿದ್ದವು. ಅವನ್ನು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್‌ನಲ್ಲಿ. ಆ ಕೈಪಿಡಿಯನ್ನು ಮರುಮುದ್ರಿಸುತ್ತ ಬಂದ ಗುಮಾಸ್ತರಿಗೂ ಬಹುಶಃ ದ್ವೇಷವಿರಲಿಲ್ಲ. ಹಿಂದಿನಿಂದ ಬಂದದ್ದನ್ನು ಹಾಗೇ ಮುಂದಕ್ಕೆ ದಾಟಿಸಿದರು, ನಿಮ್ಮ ಹಾಗೆಯೇ.

ಗಾದೆಗಳ ಕಥೆಯೂ ಇದೇ. 2023ರ ಆಗಸ್ಟ್‌ನಲ್ಲಿ ನಟ, ಪ್ರಜಾಕೀಯದ ಉಪೇಂದ್ರ ಅವರು ನೇರಪ್ರಸಾರವೊಂದರಲ್ಲಿ ಊರನ್ನೂ ಹೊಲಗೇರಿಯನ್ನೂ ಜೋಡಿಸುವ ಹಳೆಯ ಗಾದೆ ಹೇಳಿದರು. ಟೀಕಾಕಾರರು ಎಲ್ಲೆಡೆ ಇರುತ್ತಾರೆ ಎಂಬುದಷ್ಟೇ ಅವರು ಹೇಳಹೊರಟದ್ದು. ದೂರುಗಳು ದಾಖಲಾದವು, ಬಾಯ್ತಪ್ಪಿ ಬಂದ ಮಾತೆಂದು ಅವರು ಕ್ಷಮೆ ಕೇಳಿ ಆ ವಿಡಿಯೊ ಅಳಿಸಿಹಾಕಿದರು, ಹೈಕೋರ್ಟ್ ಪ್ರಕರಣಕ್ಕೆ ತಡೆ ಕೊಟ್ಟಿತು. ಉದ್ದೇಶವಿರಲಿಲ್ಲ ಎಂಬುದು ಅಲ್ಲೂ ನಿಜವೇ ಇರಬಹುದು. ಆದರೆ ಆ ಗಾದೆಯಲ್ಲಿ ಹೊಲಗೇರಿ ಎಂದರೆ ‘ಎಲ್ಲ ಊರಿಗೂ ಇರುವ ಕೊಳಕು’. ದುರ್ಗದವರಾದ ನಮಗಂತೂ ಈ ಗಾದೆ ನಾಲಿಗೆಯ ಮೇಲೆ ಬರಬಾರದು. ಒನಕೆ ಹಿಡಿದು ಕಿಂಡಿಯ ಬಳಿ ನಿಂತ ಓಬವ್ವ ಛಲವಾದಿ ಸಮುದಾಯದವಳು. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಅವಳ ಜಯಂತಿ ಮಾಡುತ್ತಿದೆ. ಅವಳ ಹೆಸರಿನಲ್ಲಿ ಎದೆಯುಬ್ಬಿಸುತ್ತೇವೆ, ಅವಳ ಕೇರಿಯನ್ನು ಕೊಳಕಿಗೆ ಹೋಲಿಸುತ್ತೇವೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಹಾಗಂತ ಕಿವಿಗೆ ಬಿದ್ದದ್ದೆಲ್ಲ ಅವಮಾನವಲ್ಲ. 1999ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಮೇಯರ್ ಸಹಾಯಕರೊಬ್ಬರು ಬಜೆಟ್ ಮಾತಿನಲ್ಲಿ ‘ನಿಗರ್ಡ್ಲಿ’ ಎಂದರು. ಜುಗ್ಗತನ ಎಂದು ಅದರ ಅರ್ಥ. ಕಪ್ಪುಜನರನ್ನು ಹೀಗಳೆಯುವ ಪದದಂತೆ ಕೇಳಿಸುತ್ತದೆ, ಮೂಲ ಮಾತ್ರ ಬೇರೆಯೇ. ಗದ್ದಲವೆದ್ದು ಅವರು ರಾಜೀನಾಮೆ ಕೊಟ್ಟರು, ಆಮೇಲೆ ಮತ್ತೆ ಕೆಲಸಕ್ಕೆ ಕರೆದರು. ಅಲ್ಲಿ ಇದ್ದದ್ದು ಬರೀ ಸದ್ದಿನ ಹೋಲಿಕೆ. ನಮ್ಮಲ್ಲಿ ‘ಬೇಡ’ ಎಂದರೆ ಸಮುದಾಯವೂ ಹೌದು, ಒಲ್ಲೆ ಎಂಬ ಮಾತೂ ಹೌದು. ಕಾಫಿ ಬೇಡ ಎಂದರೆ ನಾಯಕ ಸಮಾಜದವರು ಬೇಜಾರು ಮಾಡಿಕೊಳ್ಳುತ್ತಾರೆಯೇ? 2019ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸದೆ ಇಲ್ಹಾನ್ ಒಮರ್ ಬರೆದದ್ದು ಬೇರೆ ಥರದ್ದು. ಅಲ್ಲಿನ ರಾಜಕಾರಣಿಗಳ ಇಸ್ರೇಲ್ ಪರ ನಿಲುವಿನ ಹಿಂದೆ ಇರುವುದೆಲ್ಲ ದುಡ್ಡು ಎಂದರು. ಅದರಲ್ಲಿ ಒಂದೂ ಬೈಗುಳದ ಪದವಿರಲಿಲ್ಲ. ಆದರೆ ಯಹೂದಿಗಳು ಹಣದಿಂದ ಅಧಿಕಾರ ಕೊಳ್ಳುತ್ತಾರೆಂಬ ಹಳೆಯ ಅಪವಾದ ಅದರೊಳಗೆ ಕೇಳಿಸಿತು. ಮರುದಿನವೇ ಕ್ಷಮೆ ಕೇಳಿ, ತನಗೆ ತಿಳಿಹೇಳಿದವರಿಗೆ ಕೃತಜ್ಞತೆ ಹೇಳಿದರು. ನಿಮ್ಮದು ಈ ಎರಡನೆಯ ಬಗೆ.

ಇನ್ನು ಕೇಸಿನ ಮಾತು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ವ್ಯಕ್ತಿಯನ್ನು ಸಾರ್ವಜನಿಕರ ಎದುರು ಅವಮಾನಿಸುವ ಉದ್ದೇಶದಿಂದಲೇ ನಿಂದಿಸುವುದು ಅಪರಾಧ, ಜಾತಿ ಹೆಸರು ಹಿಡಿದು ಬೈಯುವುದೂ ಅಪರಾಧ. ನೀವು ಬೈದದ್ದು ಬೇರೊಬ್ಬ ರಾಜಕಾರಣಿಯನ್ನು. ದೂರು ಬಂದರೆ ಎದುರಾಳಿ ಯಾರು, ಸಂದರ್ಭವೇನು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ, ಆಗ ವಕೀಲರನ್ನು ಕಾಣಿ. ನಿಘಂಟಿನ ಆಸರೆ ಮಾತ್ರ ಹಿಡಿಯಬೇಡಿ. ಉತ್ತರ ಭಾರತದ ಒಂದು ಜಾತಿಸೂಚಕ ಪದದ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ: ನೋಡಬೇಕಾದ್ದು ಪದದ ಮೂಲಾರ್ಥವನ್ನಲ್ಲ, ಇಂದು ಜನ ಅದನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ ಎಂಬುದನ್ನು.

ಮೊದಲು ಆ ಹುಡುಗನನ್ನು ಹುಡುಕಿ ಹೋಗಿ. ಅವನ ಹೆಸರು ನಿಮ್ಮ ಪತ್ರದಲ್ಲಿಲ್ಲ, ಕೇಳಿಕೊಳ್ಳಿ. ‘ಬೇಜಾರಾಗಿದ್ದರೆ ಕ್ಷಮಿಸು’ ಎನ್ನಬೇಡಿ, ಆ ‘ಆಗಿದ್ದರೆ’ ಇಟ್ಟರೆ ತಪ್ಪು ಅವನ ಮನಸ್ಸಿನದಾಗಿಬಿಡುತ್ತದೆ. ‘ನಿಮ್ಮಜ್ಜನ ವಿದ್ಯೆಯನ್ನು ಮೋಸಕ್ಕೆ ಹೋಲಿಸಿದೆ, ತಪ್ಪಾಯಿತು’ ಎನ್ನಿ. ಅವನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಫೋಟೊ ತೆಗೆಸುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ತಡೆಯಿರಿ. ಪದ ಆಡಿದ್ದು ಮೈಕಿನಲ್ಲಿ, ಹಿಂತೆಗೆದುಕೊಳ್ಳಬೇಕಾದದ್ದೂ ಮೈಕಿನಲ್ಲೇ, ನಿಮ್ಮ ಮುಖಂಡರ ಬಾಯಿಂದಲೇ. ಎರಡು ಸಾಲು ಸಾಕು.

ಅವರು ಒಪ್ಪದಿರಬಹುದು, ‘ಖಾರ ಕಡಿಮೆಯಾಗುತ್ತದೆ’ ಎನ್ನಬಹುದು. ಆಗ ಎದುರಾಳಿ ಯಾವ ವರ್ಷ ಯಾವ ಪಕ್ಷ ಬಿಟ್ಟರು, ಬಿಡುವ ಹಿಂದಿನ ವಾರ ಏನು ಭಾಷೆ ಕೊಟ್ಟಿದ್ದರು ಎಂಬುದನ್ನು ಸಾಲಾಗಿ ಬರೆದುಕೊಡಿ. ಮೂರು ಸಲದ ಲೆಕ್ಕ ಓದಿ ಹೇಳಿದರೆ ಜನಕ್ಕೆ ಅರ್ಥವಾಗುತ್ತದೆ. ಹೋಲಿಕೆ ಬೇಕೇ ಬೇಕೆಂದರೆ ಗಾಳಿಗೆ ಹಾರುವ ಮಂಡಕ್ಕಿ ಇದೆಯಲ್ಲ, ದಾವಣಗೆರೆ ಸೀಮೆಯಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.