ಏಪ್ರಿಲ್ ಚಾಟ್ನಿ ಆದ ಬಳ್ಳಿ

ಪ್ರಶ್ನೆ: ಮೂರು ದಿನದ ಕನ್ವೆನ್ಷನ್‌ಗೆ (ಕ್ರೈಸ್ತರ ಪ್ರಾರ್ಥನಾ ಸಮಾವೇಶ) ಹೋಗಿದ್ದೆ. ಹಾಡುವಾಗ ಕಣ್ಣೀರು ಬಂತು, ಎದೆ ಹಗುರಾಯಿತು. ತಿಂಗಳು ತುಂಬುವುದರೊಳಗೆ ಎಲ್ಲ ಬತ್ತಿದೆ. ದಿನಾ ಬೈಬಲ್ಲಿನ ನಾಲ್ಕು ಅಧ್ಯಾಯ ಓದಿದರೂ ಒಂದು ಮಾತೂ ಒಳಗಿಳಿಯುವುದಿಲ್ಲ. ನನ್ನ ವಿಶ್ವಾಸವೇ ಸುಳ್ಳೆ?
– ದ್ರಾಕ್ಷಿ ಬೆಳೆಗಾರ, ತಿಕೋಟಾ

ಉತ್ತರ: ಸುಳ್ಳಲ್ಲ. ಆದರೆ ಆ ಮೂರು ದಿನದ ಉಕ್ಕನ್ನೇ ವಿಶ್ವಾಸದ ಅಳತೆ ಮಾಡಿಕೊಂಡರೆ, ಮುಂದಿನ ಕನ್ವೆನ್ಷನ್ ಎಂದು ಅಂತ ಕಾಯುವುದೇ ಬದುಕಾಗುತ್ತದೆ.

ಯೇಸು ತನ್ನನ್ನು ದ್ರಾಕ್ಷಿ ಬಳ್ಳಿಗೂ ಶಿಷ್ಯರನ್ನು ಕೊಂಬೆಗಳಿಗೂ ಹೋಲಿಸುವ ಯೋಹಾನನ ಸುವಾರ್ತೆಯ 15ನೇ ಅಧ್ಯಾಯ ಪಟ್ಟಣದವರಿಗಿಂತ ನಿಮಗೆ ಬೇಗ ತಿಳಿದೀತು. ಅಲ್ಲಿ ಕತ್ತರಿ ಬೀಳುವುದು ಫಲವಿಲ್ಲದ ಕೊಂಬೆಗಷ್ಟೇ ಅಲ್ಲ, ಫಲ ಕೊಡುವುದಕ್ಕೂ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿಯ ಕೊಂಬೆ ಸವರುವ ಕೆಲಸ, ಆದ ಮೇಲೆ ತೋಟ ಬೋಳು; ಚಿಗುರು ಬಂದರೂ ಗೊನೆಯಿಲ್ಲ. ಆದರೆ ಅಕ್ಟೋಬರ್ ಚಾಟ್ನಿಗೆ ಹೊರಬರುವ ಗೊನೆ ಕೊಂಬೆಯ ಕಣ್ಣಿನೊಳಗೆ (ಮೊಗ್ಗಿನೊಳಗೆ) ರೂಪುಗೊಳ್ಳುವುದು ಏಪ್ರಿಲ್ ಚಾಟ್ನಿಯ ನಂತರದ ಸುಮಾರು 40–60 ದಿನಗಳಲ್ಲೇ. ಗೊನೆ ಕಾಣಲಿಲ್ಲವೆಂದು ಆಗ ಬಳ್ಳಿ ಕೀಳುವವರುಂಟೆ? ಅದೇ ಅಧ್ಯಾಯದ 4ರಿಂದ 10ನೇ ವಚನದೊಳಗೆ ‘ನೆಲೆಗೊಂಡಿರು’ ಎಂಬ ಕ್ರಿಯಾಪದ ಮೂಲ ಗ್ರೀಕಿನಲ್ಲಿ ಹತ್ತು ಸಲ ಬರುತ್ತದೆ. ಹೇಳಿರುವುದು ಉಕ್ಕಲು ಅಲ್ಲ, ಇರಲು.

ಈ ಬತ್ತುವಿಕೆ ಹಳೆಯದು. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯ ಸನ್ಯಾಸಿ ಇವಾಗ್ರಿಯಸ್ ಇಂಥದ್ದಕ್ಕೆ ‘ಅಕೀಡಿಯಾ’ ಎಂಬ ಹೆಸರಿಟ್ಟು ಬರೆದಿದ್ದಾನೆ. ನಡುಮಧ್ಯಾಹ್ನ ಅದರ ಕಾಟ ಹೆಚ್ಚಂತೆ. ಮದ್ದೂ ಸರಳ: ಗುಡಿಸಲು ಬಿಟ್ಟು ಓಡಬೇಡ.

ನಾಲ್ಕು ಅಧ್ಯಾಯ ಬಿಡಿ. ಎಣಿಕೆಯೇ ಗುರಿಯಾದಾಗ ಕಣ್ಣು ಓಡುತ್ತದೆ, ಮನಸ್ಸು ಹಿಂದೆ ಉಳಿಯುತ್ತದೆ. ಬೆಳಗ್ಗೆ 20 ನಿಮಿಷ ಸಾಕು. ಮೊದಲ ಎರಡು ನಿಮಿಷ ಸುಮ್ಮನೆ ಕೂತು, ಮಾರ್ಕನ ಸುವಾರ್ತೆಯ ಎಂಟು–ಹತ್ತು ವಚನ ಬಾಯಿಬಿಟ್ಟು ಎರಡು ಸಲ ಓದಿ. ತಡೆದು ನಿಲ್ಲಿಸಿದ ಒಂದು ಮಾತನ್ನು ಹಿಡಿದು ಐದಾರು ನಿಮಿಷ ಮೆಲುಕು ಹಾಕಿ. ಆಮೇಲೆ ಮನೆಮಾತಿನಲ್ಲೇ ಪ್ರಾರ್ಥಿಸಿ. ವೇದಿಕೆಯ ಭಾಷೆ ದೇವರಿಗೆ ಬೇಕಿಲ್ಲ. ಆ ಒಂದು ಮಾತನ್ನು ವಹಿಯಲ್ಲಿ ಬರೆದಿಟ್ಟರೆ ಔಷಧಿ ಹೊಡೆಯುವಾಗಲೂ ನೆನಪಿರುತ್ತದೆ. ಮೊಬೈಲಿನಲ್ಲಿ ಓದಬೇಡಿ: ದ್ರಾಕ್ಷಿ ದರದ ಮೆಸೇಜು ನಡುವೆ ಬಂದೇ ಬರುತ್ತದೆ.

ಇಷ್ಟಾದರೂ ಬತ್ತಿದಂತಿದ್ದರೆ, ಬದು ಅಥವಾ ಹಣದ ಜಗಳ ಬಾಕಿ ಇದೆಯೇ ನೋಡಿ. ಮತ್ತಾಯ 5:23–24ರಲ್ಲಿ ಕಾಣಿಕೆಗಿಂತ ಮೊದಲು ಸಹೋದರನೊಡನೆ ರಾಜಿ. ನಿದ್ದೆ, ಊಟ ಎರಡು ವಾರದಿಂದ ಕೆಟ್ಟಿದ್ದು, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದನ್ನು ಪಾಪವೆಂದು ತಿಳಿದು ಉಪವಾಸ ಮಾಡಬೇಡಿ. ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಅದು ಉಚಿತ.

ಪ್ರಶ್ನೆ: ಮನೆಗೆಲಸ, ಮಗ್ಗ ಎರಡೂ ನನ್ನ ಮೇಲೇ ಇವೆ. ಕೂತು ಪ್ರಾರ್ಥಿಸಲು ಹೊತ್ತಿಲ್ಲ. ಏನು ಮಾಡಲಿ?
– ಓದುಗಳು, ಗುಳೇದಗುಡ್ಡ

ಉತ್ತರ: ಬೈಬಲ್ಲಿನ ಕೀರ್ತನೆಗಳನ್ನು ತಾರೀಖಿನ ಪ್ರಕಾರ ಹಿಡಿಯಿರಿ, ಅವು ಒಟ್ಟು 150. ಇಂದು 7ನೇ ತಾರೀಖಾದರೆ 7, ಆಮೇಲೆ 30 ಕೂಡಿಸುತ್ತ 37, 67, 97, 127. ಐದರಲ್ಲಿ ಒಂದನ್ನೇ ಆರಿಸಿ, ಅದರ ಒಂದು ಸಾಲು ಬಾಯಿಪಾಠ ಮಾಡಿ. ಲಾಳಿ ಓಡುವಾಗ ಹೇಳಿಕೊಳ್ಳಲು ಅಷ್ಟು ಸಾಕು. 29ರಂದು ಬರುವ 119ನೆಯದಕ್ಕೆ 176 ವಚನ, ಅದನ್ನು 31ನೇ ತಾರೀಖಿಗೆ ಬಿಡಿ. 28ರಂದು 88 ಬರುತ್ತದೆ. ಅದು ಸಮಾಧಾನದ ಮಾತಿಲ್ಲದೆ ಕತ್ತಲೆಯಲ್ಲೇ ಮುಗಿಯುವ ಪ್ರಾರ್ಥನೆ. ಹಾರಿಸಬೇಡಿ.